ಗೆದ್ದ ತಂಡದಲ್ಲಿ ಉಳಿಯುವವರು ಯಾರು? ವಾಲ್ಕಿರೀಸ್ ಮೊದಲ ಸೀಸನ್‌ನ ಒಳಲೆಕ್ಕ

ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯಿಂದ 2025ರಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಎಂಬ ಹೊಚ್ಚ ಹೊಸ ತಂಡ ಮೊದಲ ವರ್ಷವೇ ಪ್ಲೇಆಫ್ ತಲುಪಿತು. ಆ ಲೀಗ್‌ನಲ್ಲಿ ಯಾವ ಹೊಸ ತಂಡವೂ ಹಿಂದೆ ಹಾಗೆ ಮಾಡಿರಲಿಲ್ಲ. ತವರಿನ 22 ಪಂದ್ಯಗಳ ಟಿಕೆಟ್ ಒಂದೂ ಉಳಿಯದೆ ಖಾಲಿಯಾದವು. ಆದರೆ ಪ್ಲೇಆಫ್‌ನ ತವರು ಪಂದ್ಯ ಬಂದಾಗ ತಂಡ ಬೇರೆ ಊರಿಗೆ ಹೋಗಿ ಆಡಬೇಕಾಯಿತು. ಸೀಸನ್ ನಡುವೆ ಹಲವು ಆಟಗಾರ್ತಿಯರು ತಂಡ ಬಿಟ್ಟು ಯುರೋಪಿಗೆ ಹಾರಿದರು. ಆಯ್ದ ಆಟಗಾರ್ತಿಯರಷ್ಟೇ ಆಡುವ ಆಲ್‌ಸ್ಟಾರ್ ಪಂದ್ಯದ ದಿನ ಲೀಗ್‌ನ ದೊಡ್ಡ ತಾರೆಯರೆಲ್ಲ 'ನಮಗೆ ಬರಬೇಕಾದ್ದನ್ನು ಕೊಡಿ' ಎಂದು ಬರೆದ ಅಂಗಿ ತೊಟ್ಟು ಅಂಗಳಕ್ಕೆ ಇಳಿದರು. ಸೀಸನ್ ಮುಗಿದ ಮೇಲೆ ಕೇಳಿಬಂದದ್ದು ಆಟದ ಮಾತಲ್ಲ, ಲೀಗ್ ಮತ್ತು ಆಟಗಾರ್ತಿಯರ ಸಂಘದ ನಡುವಿನ ಸಂಬಳದ ಒಪ್ಪಂದದ ಜಗಳ.

ಇಷ್ಟು ಚೆನ್ನಾಗಿ ನಡೆಯುತ್ತಿರುವ ಲೀಗ್‌ನಲ್ಲಿ ಜಗಳ ಯಾಕೆ? ಗೆದ್ದ ತಂಡ ಮುಂದಿನ ವರ್ಷ ಇದೇ ರೂಪದಲ್ಲಿ ಇರುತ್ತದೆ ಎಂದು ಯಾರೂ ಖಚಿತವಾಗಿ ಹೇಳದಿರುವುದು ಯಾಕೆ? ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ವಾಲ್ಕಿರೀಸ್ ಗೆಲ್ಲಲು ಯಾವ ವ್ಯವಸ್ಥೆ ನೆರವಾಯಿತೋ ಅದೇ ವ್ಯವಸ್ಥೆ ಈಗ ಆ ತಂಡವನ್ನು ಚದುರಿಸಬಹುದು.

ಖಾಲಿ ಕೈಯಲ್ಲಿ ಶುರು

ಸ್ಯಾನ್ ಫ್ರಾನ್ಸಿಸ್ಕೋದ ಪುರುಷರ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಗ್ಗೆ ಕೇಳಿರುತ್ತೀರಿ. ಸ್ಟೀಫನ್ ಕರಿ ಆಡುವ ತಂಡ. ಅದರ ಮಾಲೀಕರೇ 2023ರ ಅಕ್ಟೋಬರ್‌ನಲ್ಲಿ ಮಹಿಳಾ ಲೀಗ್‌ನ 13ನೇ ತಂಡವನ್ನು ಪಡೆದರು. ಪ್ರವೇಶ ಶುಲ್ಕ 5 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಮುಖ್ಯ ಮಾಲೀಕ ಜೋ ಲೇಕಬ್ ಐದು ವರ್ಷದೊಳಗೆ ಪ್ರಶಸ್ತಿ ಗೆಲ್ಲುತ್ತೇವೆ ಎಂದು ಆಗಲೇ ಹೇಳಿಬಿಟ್ಟರು. ಹೊಸ ಮಾಲೀಕರು ಇಂಥ ಮಾತು ಆಡುವುದು ಹೊಸದೇನಲ್ಲ, ಬಿಡಿ.

ಆಟಗಾರ್ತಿಯರನ್ನು ಎಲ್ಲಿಂದ ತರುವುದು? ಅದಕ್ಕೆ ವಿಸ್ತರಣಾ ಡ್ರಾಫ್ಟ್ ಎಂಬ ಪದ್ಧತಿ ಇದೆ. ಆಗ ಹಳೆಯ 12 ತಂಡಗಳು ತಲಾ 6 ಆಟಗಾರ್ತಿಯರನ್ನು 'ಇವರನ್ನು ಮುಟ್ಟಬೇಡಿ' ಎಂದು ಪಟ್ಟಿ ಮಾಡಿ ಉಳಿಸಿಕೊಳ್ಳಬಹುದಿತ್ತು. ಉಳಿದವರಲ್ಲಿ ಒಂದು ತಂಡದಿಂದ ಒಬ್ಬರಂತೆ ಹೊಸ ತಂಡ ಆರಿಸಿಕೊಳ್ಳಬಹುದಿತ್ತು. ಅಂದರೆ ಪ್ರತಿ ತಂಡದ ಅತ್ಯುತ್ತಮ ಆರು ಮಂದಿ ಕೈಗೆ ಸಿಗುವಂತೆಯೇ ಇರಲಿಲ್ಲ. 2024ರ ಡಿಸೆಂಬರ್ 6ರಂದು ವಾಲ್ಕಿರೀಸ್ ಹೀಗೆ 11 ಜನರನ್ನು ಆರಿಸಿತು. ನ್ಯೂಯಾರ್ಕ್‌ನಿಂದ ಕೇಲಾ ಥಾರ್ನ್‌ಟನ್, ಕನೆಟಿಕಟ್‌ನಿಂದ ವೆರೋನಿಕಾ ಬರ್ಟನ್, ಮಿನೆಸೋಟದಿಂದ ಇಟಲಿಯ ಚೆಚಿಲಿಯಾ ಜಂದಲಾಸಿನಿ, ಇಂಡಿಯಾನಾದಿಂದ ಬ್ರಿಟನ್ನಿನ ಟೆಮಿ ಫಾಗ್ಬೆನ್ಲೆ, ವಾಷಿಂಗ್ಟನ್‌ನಿಂದ ಬೆಲ್ಜಿಯಂನ ಜೂಲಿ ವಾನ್ಲೂ, ಹೀಗೆ. ಪಟ್ಟಿ ನೋಡಿದ ಹೆಚ್ಚಿನವರಿಗೆ ಇದು ಕೊನೆಯ ಸ್ಥಾನಕ್ಕೆ ಹೋಗುವ ತಂಡದ ಹಾಗೆ ಕಂಡಿತು. ಹಾಗೆ ಕಂಡದ್ದರಲ್ಲಿ ತಪ್ಪಿಲ್ಲ. ಚಿಕಾಗೋ ಸ್ಕೈ 2006ರಲ್ಲಿ ಮೊದಲ ಸೀಸನ್ ಆಡಿದಾಗ 34ರಲ್ಲಿ ಗೆದ್ದದ್ದು 5 ಪಂದ್ಯ. 2008ರಲ್ಲಿ ಬಂದ ಅಟ್ಲಾಂಟ ಡ್ರೀಮ್ ಗೆದ್ದದ್ದು ಬರೀ 4.

ವಾಲ್ಕಿರೀಸ್ 44 ಪಂದ್ಯಗಳಲ್ಲಿ 23 ಗೆದ್ದು 21 ಸೋತಿತು. 8ನೇ ಸ್ಥಾನ ಪಡೆದು ಪ್ಲೇಆಫ್‌ಗೆ ಹೋಯಿತು.

ಬೆಂಚಿನ ಮೇಲೆ ಕೂತಿದ್ದ ಪ್ರತಿಭೆ

ಅಟ್ಲಾಂಟಕ್ಕೆ ಆಗದ್ದು ಇವರಿಗೆ ಹೇಗಾಯಿತು? ಕೋಚ್ ಚೆನ್ನಾಗಿದ್ದರು, ಹುಡುಗಿಯರು ಕಷ್ಟಪಟ್ಟರು ಎನ್ನುವುದು ಸುಲಭದ ಉತ್ತರ. ಅದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಲೀಗ್‌ನ ಗಾತ್ರದಲ್ಲಿದೆ.

2008ರಲ್ಲಿ ಅಟ್ಲಾಂಟ ಬಂದಾಗ ಲೀಗ್‌ನಲ್ಲಿ 14 ತಂಡಗಳಿದ್ದವು. ಆಮೇಲೆ ಹ್ಯೂಸ್ಟನ್ ಕಾಮೆಟ್ಸ್ ಮತ್ತು ಸ್ಯಾಕ್ರಮೆಂಟೊ ಮೊನಾರ್ಕ್ಸ್ ಮುಚ್ಚಿಹೋದವು. 2010ರಿಂದ 2024ರ ತನಕ ಲೀಗ್ 12 ತಂಡಗಳಲ್ಲೇ ನಿಂತಿತ್ತು. ತಂಡಕ್ಕೆ ಹೆಚ್ಚೆಂದರೆ 12 ಮಂದಿ. ಇಡೀ ದೇಶದಲ್ಲಿ, ಅಷ್ಟೇ ಯಾಕೆ ಇಡೀ ಜಗತ್ತಿನಿಂದ ಬರುವವರಿಗೆ ಇದ್ದದ್ದು 144 ಜಾಗ. ಒಂದು ತಂಡ ಒಟ್ಟು ಕೊಡಬಹುದಾದ ಸಂಬಳದ ಮಿತಿ ಬಿಗಿ ಇದ್ದುದರಿಂದ ಎಷ್ಟೋ ತಂಡಗಳು 11 ಜನರಲ್ಲೇ ನಿಭಾಯಿಸುತ್ತಿದ್ದವು. ಇತ್ತ ಕಾಲೇಜು ಬಾಸ್ಕೆಟ್‌ಬಾಲ್ ಬೆಳೆಯುತ್ತಲೇ ಹೋಯಿತು, ಯುರೋಪಿನ ಕ್ಲಬ್‌ಗಳಿಂದಲೂ ಒಳ್ಳೆಯವರು ಬರತೊಡಗಿದರು. ಜಾಗ ಮಾತ್ರ ಹೆಚ್ಚಲಿಲ್ಲ. ಹೊಸ ಆಟಗಾರ್ತಿಯರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವರ್ಷದ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಹುಡುಗಿ ತಿಂಗಳೊಳಗೆ ಅಭ್ಯಾಸ ಶಿಬಿರದಿಂದಲೇ ಮನೆಗೆ ಹೋಗುವುದು ಮಾಮೂಲಾಯಿತು.

ಹೀಗಾಗಿ ಒಂದು ತಂಡದ ಏಳನೇ, ಎಂಟನೇ ಆಟಗಾರ್ತಿ ಎಂದರೆ ಅವಳು ಆಡಲು ಬಾರದವಳು ಎಂದಲ್ಲ. ಅವಳಿಗೆ ಆಡಲು ನಿಮಿಷಗಳು ಸಿಗುತ್ತಿರಲಿಲ್ಲ, ಅಷ್ಟೆ.

ವೆರೋನಿಕಾ ಬರ್ಟನ್ ಇದಕ್ಕೆ ಒಳ್ಳೇ ಉದಾಹರಣೆ. 2022ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ವಿಂಗ್ಸ್ ಅವರನ್ನು 7ನೆಯವರಾಗಿ ಆರಿಸಿತ್ತು. 2024ರ ಸೀಸನ್ ಶುರುವಾಗುವ ಮೊದಲು ಅದೇ ತಂಡ ಕೈಬಿಟ್ಟಿತು. ಕನೆಟಿಕಟ್‌ನಲ್ಲಿ ಜಾಗ ಸಿಕ್ಕರೂ ಪಂದ್ಯಕ್ಕೆ ಸರಾಸರಿ 3.1 ಪಾಯಿಂಟ್ ಮಾತ್ರ. ವಾಲ್ಕಿರೀಸ್‌ನಲ್ಲಿ ಚೆಂಡು ಅವರ ಕೈಗೆ ಬಂತು, ಸರಾಸರಿ 11.9ಕ್ಕೆ ಏರಿತು. ಲೀಗ್‌ನ 'ಅತಿ ಹೆಚ್ಚು ಸುಧಾರಿಸಿದ ಆಟಗಾರ್ತಿ' ಪ್ರಶಸ್ತಿಯೂ ಅವರಿಗೇ ಬಂತು. ಒಂದೇ ವರ್ಷದಲ್ಲಿ ಅವರ ಆಟ ನಾಲ್ಕು ಪಟ್ಟು ಸುಧಾರಿಸಿತೇ? ಹಾಗೇನಿಲ್ಲ. ಸಿಕ್ಕ ಅವಕಾಶ ಹಲವು ಪಟ್ಟು ಹೆಚ್ಚಿತು. ಥಾರ್ನ್‌ಟನ್ ಕಥೆಯೂ ಹೀಗೇ. 2014ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಆರಿಸದವರು, 2024ರಲ್ಲಿ ನ್ಯೂಯಾರ್ಕ್ ಲಿಬರ್ಟಿ ಚಾಂಪಿಯನ್ ಆದಾಗ ಬೆಂಚಿನಿಂದ ಎದ್ದು ಬಂದು ಆಡುತ್ತಿದ್ದವರು. ಮರುವರ್ಷ ವಾಲ್ಕಿರೀಸ್‌ನ ಮೊದಲ ಆಲ್‌ಸ್ಟಾರ್ ಆದರು.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸಲಿಲ್ಲ. 2025ರಲ್ಲಿ ಬಂದ ಹೊಸ ತಂಡ ಇದೊಂದೇ. ಹಳೆಯ ತಂಡಗಳ ಏಳನೇ ಆಟಗಾರ್ತಿಯರನ್ನು ಆರಿಸಿಕೊಳ್ಳಲು ಪೈಪೋಟಿಗೆ ಇನ್ನೊಂದು ಹೊಸ ತಂಡ ಇರಲಿಲ್ಲ. ಹದಿನೇಳು ವರ್ಷ ಕೂಡಿಬಿದ್ದಿದ್ದ ಪ್ರತಿಭೆಯಿಂದ ಮೊದಲು ಆರಿಸುವ ಅವಕಾಶ ಇವರಿಗೆ ಒಬ್ಬರಿಗೇ ಸಿಕ್ಕಿತು.

ನಕಾಸೆ ಹಾಕಿದ ಲೆಕ್ಕ

ಮುಖ್ಯ ಕೋಚ್ ನಟಾಲಿ ನಕಾಸೆ ಲಾಸ್ ವೇಗಸ್ ಏಸಸ್ ತಂಡ 2022 ಮತ್ತು 2023ರಲ್ಲಿ ಚಾಂಪಿಯನ್ ಆದಾಗ ಅಲ್ಲಿ ಸಹಾಯಕ ಕೋಚ್ ಆಗಿದ್ದವರು. ಜಪಾನಿ ಮೂಲದ ಅಮೆರಿಕನ್. ಈ ಲೀಗ್‌ನಲ್ಲಿ ಮುಖ್ಯ ಕೋಚ್ ಆದ ಮೊದಲ ಏಷ್ಯನ್ ಅಮೆರಿಕನ್ನರೂ ಅವರೇ.

ಕೈಯಲ್ಲಿ ದೊಡ್ಡ ಸ್ಕೋರರ್ ಇಲ್ಲದಾಗ ಕೋಚ್‌ಗೆ ಎರಡು ದಾರಿ. ಒಂದು, ಎದುರಾಳಿಗೂ ಸ್ಕೋರ್ ಮಾಡಲು ಬಿಡದಿರುವುದು. ರಕ್ಷಣೆಗೆ ಬೇಕಾದ್ದು ಓಟ, ಹೊಂದಾಣಿಕೆ, ಹಟ. ಹೊಸಬರಿಗೆ ಅದನ್ನು ಕಲಿಸಬಹುದು. ಎರಡು, ದೂರದಿಂದ ಎಸೆಯುವುದು. ಮೂರು ಪಾಯಿಂಟ್ ಎಸೆತ ಆಗಾಗ ತಪ್ಪಿದರೂ ಬಿದ್ದಾಗ ಲಾಭ ಹೆಚ್ಚು. ವಾಲ್ಕಿರೀಸ್ ಎರಡನ್ನೂ ಮಾಡಿತು. ಲೀಗ್‌ನ ಗಟ್ಟಿ ರಕ್ಷಣಾ ತಂಡಗಳಲ್ಲಿ ಒಂದಾಯಿತು, ಮೂರು ಪಾಯಿಂಟ್‌ಗೆ ಅತಿ ಹೆಚ್ಚು ಪ್ರಯತ್ನಿಸಿದ ತಂಡಗಳಲ್ಲೂ ಒಂದಾಯಿತು. ಹೀಗೆ ಆಡುವ ತಂಡದ ಫಲಿತಾಂಶ ಏರುಪೇರಾಗುವುದು ಸಹಜ. ಚೆಂಡು ಬಿದ್ದ ದಿನ ಚಾಂಪಿಯನ್ನರನ್ನೂ ಸೋಲಿಸುತ್ತದೆ, ಬೀಳದ ದಿನ ಯಾರ ಮುಂದೆಯೂ ಸೋಲುತ್ತದೆ. ಜೂನ್‌ನಲ್ಲಿ ಏಸಸ್ ವಿರುದ್ಧ 95-68 ಅಂತರದಲ್ಲಿ ಗೆದ್ದದ್ದು ಮೊದಲ ಬಗೆ. ಆ ಏಸಸ್ ತಂಡವೇ ಕೊನೆಗೆ ಆ ವರ್ಷದ ಪ್ರಶಸ್ತಿ ಗೆದ್ದಿತು ಎಂಬುದು ಬೇರೆ ಮಾತು.

ಜುಲೈ ಕೊನೆಯಲ್ಲಿ ಥಾರ್ನ್‌ಟನ್ ಮೊಣಕಾಲಿಗೆ ಪೆಟ್ಟಾಗಿ ಸೀಸನ್‌ನಿಂದಲೇ ಹೊರಬಿದ್ದರು. ಪಂದ್ಯಕ್ಕೆ 14 ಪಾಯಿಂಟ್ ಗಳಿಸುತ್ತಿದ್ದವರು ಹೋದ ಮೇಲೆ ತಂಡ ಕುಸಿಯಬೇಕಿತ್ತು. ಕುಸಿಯಲಿಲ್ಲ. ಒಬ್ಬರ ಮೇಲೆ ನಿಂತ ತಂಡ ಆಗಿದ್ದರೆ ಬೀಳುತ್ತಿತ್ತು. ಇದು ರಕ್ಷಣೆಯ ಮೇಲೆ ನಿಂತಿತ್ತು. ಸೆಪ್ಟೆಂಬರ್ 4ರಂದು ಡಲ್ಲಾಸ್ ವಿರುದ್ಧ 84-80ರಿಂದ ಗೆದ್ದು ಪ್ಲೇಆಫ್ ಸ್ಥಾನ ಖಚಿತ ಮಾಡಿಕೊಂಡಿತು. ವರ್ಷದ ಕೋಚ್ ಪ್ರಶಸ್ತಿ ನಕಾಸೆಗೆ ಸಿಕ್ಕಿತು.

ಸೀಸನ್ ನಡುವೆ ಯುರೋಪಿಗೆ ಹೋದದ್ದು ಯಾಕೆ?

ಡಬ್ಲ್ಯುಎನ್‌ಬಿಎ ಸೀಸನ್ ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ. ಯುರೋಪಿನ ದೇಶಗಳ ಚಾಂಪಿಯನ್‌ಷಿಪ್ ಯುರೋಬಾಸ್ಕೆಟ್ 2025ರಲ್ಲಿ ನಡೆದದ್ದು ಜೂನ್ 18ರಿಂದ 29ರ ತನಕ. ಎರಡೂ ಒಂದರ ಮೇಲೊಂದು ಬಿದ್ದವು. ವಾಲ್ಕಿರೀಸ್ ಬೇಕೆಂದೇ ಯುರೋಪಿನ ಆಟಗಾರ್ತಿಯರನ್ನು ಜಾಸ್ತಿ ಆರಿಸಿತ್ತು. ಅಮೆರಿಕದ ಹೆಚ್ಚಿನ ತಂಡಗಳು ಅವರತ್ತ ಅಷ್ಟಾಗಿ ನೋಡುತ್ತಿರಲಿಲ್ಲ, ಆದ್ದರಿಂದ ಒಳ್ಳೆಯವರು ಸುಲಭವಾಗಿ ಸಿಕ್ಕರು. ಯಾಕೆ ನೋಡುತ್ತಿರಲಿಲ್ಲ ಎನ್ನುವುದಕ್ಕೂ ಇದೇ ಕಾರಣ: ಜೂನ್ ಬಂದರೆ ಅವರು ಇರುವುದಿಲ್ಲ! ಫ್ರಾನ್ಸ್‌ನ ಜನೆಲ್ ಸಲೋನ್, ಇಟಲಿಯ ಜಂದಲಾಸಿನಿ, ಬ್ರಿಟನ್ನಿನ ಫಾಗ್ಬೆನ್ಲೆ, ಬೆಲ್ಜಿಯಂನ ವಾನ್ಲೂ ಎಲ್ಲರೂ ತಮ್ಮ ದೇಶಕ್ಕೆ ಆಡಲು ಹೋದರು. 2025ರ ಡ್ರಾಫ್ಟ್‌ನಲ್ಲಿ 5ನೆಯವರಾಗಿ ಆರಿಸಿದ ಲಿಥುವೇನಿಯಾದ ಯುಸ್ತೆ ಯೋಸಿತೆ ಅಂತೂ ಆ ವರ್ಷ ವಾಲ್ಕಿರೀಸ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ.

ಆಗ ಬಂದ 'ಆಟಗಾರ್ತಿಯ ಒಪ್ಪಂದ ತಾತ್ಕಾಲಿಕ ಅಮಾನತು' ಎಂಬ ಸುದ್ದಿ ಹಲವರನ್ನು ಗಾಬರಿಗೊಳಿಸಿತು. ಅದು ಶಿಕ್ಷೆ ಅಲ್ಲ. ದೇಶದ ತಂಡಕ್ಕೆ ಹೋದ ಅವಧಿಯಲ್ಲಿ ಅವರ ಒಪ್ಪಂದವನ್ನು ನಿಲ್ಲಿಸಿಟ್ಟರೆ ತಂಡಕ್ಕೆ ಬದಲಿ ಆಟಗಾರ್ತಿಯನ್ನು ಸೇರಿಸಿಕೊಳ್ಳಲು ಜಾಗ ಸಿಗುತ್ತದೆ. ಕಾಗದದ ಕೆಲಸ ಅಷ್ಟೆ.

ಆದರೆ ಹೋದವರೆಲ್ಲ ವಾಪಸ್ ಬಂದಾಗ ಮತ್ತೆ 12ರ ಮಿತಿ ಎದುರಾಗುತ್ತದೆ. ವಾನ್ಲೂ ಬೆಲ್ಜಿಯಂಗೆ ಚಿನ್ನ ಗೆದ್ದುಕೊಟ್ಟು ಮರಳಿದರು. ಬಂದ ಕೂಡಲೇ ವಾಲ್ಕಿರೀಸ್ ಅವರನ್ನು ಕೈಬಿಟ್ಟಿತು. ಲಾಸ್ ಏಂಜಲೀಸ್ ಸ್ಪಾರ್ಕ್ಸ್ ಸೇರಿಸಿಕೊಂಡಿತು. ಯುರೋಪಿನ ಚಾಂಪಿಯನ್‌ಗೆ ಇಲ್ಲಿ ಹೀಗಾಯಿತಲ್ಲ ಎಂದು ಹಲವರು ಸಿಟ್ಟಾದರು. ಸಿಟ್ಟು ನ್ಯಾಯವೇ. ಆದರೆ ಒಬ್ಬರನ್ನು ಉಳಿಸಿಕೊಂಡರೆ ಇನ್ನೊಬ್ಬರನ್ನು ಕಳಿಸಲೇಬೇಕು. ಇಷ್ಟು ಸಣ್ಣ ಪಟ್ಟಿಯಲ್ಲಿ ಯಾರಿಗೂ ನೋವಾಗದ ನಿರ್ಧಾರ ಇರುವುದೇ ಇಲ್ಲ.

ದಾಖಲೆಯನ್ನು ಸ್ವಲ್ಪ ತೂಗಿ ನೋಡೋಣ

ಹೊಗಳಿಕೆಯ ನಡುವೆ ಒಂದು ಹಳೆಯ ತಂಡವನ್ನು ನೆನೆಯಬೇಕು. 1998ರಲ್ಲಿ ಡೆಟ್ರಾಯಿಟ್ ಶಾಕ್ ತನ್ನ ಮೊದಲ ಸೀಸನ್‌ನಲ್ಲಿ 30ರಲ್ಲಿ 17 ಪಂದ್ಯ ಗೆದ್ದಿತ್ತು. ಶೇಕಡಾ ಲೆಕ್ಕದಲ್ಲಿ ಅದು 56.7. ವಾಲ್ಕಿರೀಸ್‌ದು 52.3. ಅಂದರೆ ಗೆಲುವಿನ ಪ್ರಮಾಣದಲ್ಲಿ ಡೆಟ್ರಾಯಿಟ್ ಮುಂದೆ. ಆದರೂ ಆ ತಂಡ ಪ್ಲೇಆಫ್ ಆಡಲಿಲ್ಲ. ಯಾಕೆಂದರೆ ಆಗ 10 ತಂಡಗಳಲ್ಲಿ 4 ಮಾತ್ರ ಮುಂದೆ ಹೋಗುತ್ತಿದ್ದವು. 2025ರಲ್ಲಿ 13 ತಂಡಗಳಲ್ಲಿ 8 ಹೋದವು. ಬಾಗಿಲು ಅಗಲವಾಗಿತ್ತು.

ಇದರಿಂದ ವಾಲ್ಕಿರೀಸ್ ಸಾಧನೆ ಸಣ್ಣದಾಗುವುದಿಲ್ಲ. 9ನೇ ಸ್ಥಾನಕ್ಕೆ ಬಂದು ಹೊರಗುಳಿದ ಸ್ಪಾರ್ಕ್ಸ್ ಹಳೆಯ, ಮೂರು ಬಾರಿ ಪ್ರಶಸ್ತಿ ಗೆದ್ದ ತಂಡ. ಅದನ್ನು ಹಿಂದೆ ಹಾಕಿದ್ದು ಸುಮ್ನೆ ಅಲ್ಲ. ಆದರೆ 'ಚರಿತ್ರೆಯಲ್ಲೇ ಅತ್ಯುತ್ತಮ ಹೊಸ ತಂಡ' ಎಂದು ಬರೆಯುವವರು ಡೆಟ್ರಾಯಿಟ್ ಅನ್ನು ಮರೆತಿದ್ದಾರೆ.

ತವರು ಇತ್ತು, ಅಂಗಳ ಇರಲಿಲ್ಲ

ಪ್ಲೇಆಫ್ ಮೊದಲ ಸುತ್ತಿನಲ್ಲಿ ಸಿಕ್ಕ ಎದುರಾಳಿ ಮಿನೆಸೋಟ ಲಿಂಕ್ಸ್. 34 ಗೆಲುವು, 10 ಸೋಲಿನ ಅಗ್ರ ತಂಡ. ಈ ಸುತ್ತು ಮೂರು ಪಂದ್ಯಗಳದ್ದು. 2024ರ ತನಕ ಮೊದಲೆರಡು ಪಂದ್ಯ ಮೇಲಿನ ಶ್ರೇಯಾಂಕದ ತಂಡದ ಊರಿನಲ್ಲೇ ನಡೆಯುತ್ತಿದ್ದವು. ಎರಡನ್ನೂ ಸೋತರೆ ಕೆಳಗಿನ ತಂಡದ ಅಭಿಮಾನಿಗಳಿಗೆ ಒಂದು ಪಂದ್ಯವೂ ನೋಡಲು ಸಿಗುತ್ತಿರಲಿಲ್ಲ. ಅದು ಅನ್ಯಾಯ ಎಂದು 2025ರಲ್ಲಿ ನಿಯಮ ಬದಲಿಸಿದರು. ಮೊದಲ ಪಂದ್ಯ ಒಂದು ಊರಿನಲ್ಲಿ, ಎರಡನೆಯದು ಇನ್ನೊಂದರಲ್ಲಿ. ಎಲ್ಲರಿಗೂ ಕನಿಷ್ಠ ಒಂದು ತವರು ಪಂದ್ಯ ಗ್ಯಾರಂಟಿ.

ಆದರೆ ವಾಲ್ಕಿರೀಸ್‌ನ ತವರು ಅಂಗಳ ಚೇಸ್ ಸೆಂಟರ್ ಆ ವಾರ ಟೆನಿಸ್‌ಗೆ ಬುಕ್ ಆಗಿತ್ತು. ಸೆಪ್ಟೆಂಬರ್ 19ರಿಂದ 21ರ ತನಕ ಅಲ್ಲಿ ಲೇವರ್ ಕಪ್. ಟೆನಿಸ್ ಅಂಗಳ ಹಾಸಲು ಕೆಲವು ದಿನ ಮೊದಲೇ ಜಾಗ ಬೇಕು. ಹೀಗಾಗಿ ಸೆಪ್ಟೆಂಬರ್ 17ರ ಪಂದ್ಯ ಸ್ಯಾನ್ ಹೋಸೆಯ ಎಸ್‌ಎಪಿ ಸೆಂಟರ್‌ಗೆ ಹೋಯಿತು. ಅದು ಐಸ್ ಹಾಕಿ ತಂಡ ಶಾರ್ಕ್ಸ್‌ನ ಮನೆ.

ಮಹಿಳಾ ತಂಡಕ್ಕೆ ಎರಡನೇ ದರ್ಜೆಯ ಜಾಗ ಎಂಬ ಟೀಕೆ ಬಂತು. ಇನ್ನೊಂದು ಕಡೆಯವರು ಹೇಳಿದ್ದು ಹೀಗೆ: ಟೆನಿಸ್ ಬುಕಿಂಗ್ ತುಂಬಾ ಮೊದಲೇ ಆಗಿತ್ತು, ಇನ್ನೂ ಒಂದು ಪಂದ್ಯವನ್ನೂ ಆಡದ ತಂಡ ಪ್ಲೇಆಫ್‌ಗೆ ಬರುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಎರಡರಲ್ಲೂ ಸತ್ಯ ಇದೆ. ಆದರೆ ಐದು ವರ್ಷದಲ್ಲಿ ಪ್ರಶಸ್ತಿ ಎನ್ನುವ ಮಾಲೀಕರು ಮೊದಲ ಸೆಪ್ಟೆಂಬರ್ ತಿಂಗಳನ್ನು ಬೇರೆಯವರಿಗೆ ಕೊಟ್ಟಿದ್ದರು. ತಮ್ಮ ತಂಡದಿಂದ ಆ ವರ್ಷ ಅವರಿಗೆ ಎಷ್ಟು ನಿರೀಕ್ಷೆ ಇತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಆಟದ ಮಟ್ಟಿಗೆ ಹೇಳುವುದಾದರೆ, ಮೊದಲ ಪಂದ್ಯದಲ್ಲಿ 101-72ರಿಂದ ಸೋತರು. ಸ್ಯಾನ್ ಹೋಸೆಯಲ್ಲಿ ದೊಡ್ಡ ಮುನ್ನಡೆ ಪಡೆದು, ಅದನ್ನು ಕಳೆದುಕೊಂಡು, 75-74ರಿಂದ ಸೋತರು. ಒಂದೇ ಒಂದು ಪಾಯಿಂಟ್.

ಒಂದು ಟಿಕೆಟ್‌ನಲ್ಲಿ ನಾಲ್ಕು ಡಾಲರ್

ಈಗ ಅಂಗಿಯ ಮೇಲಿನ ಆ ಬರಹಕ್ಕೆ ಬರೋಣ. ಇಡೀ ವಿಷಯದ ತಿರುಳು ಇಲ್ಲಿದೆ.

2025ರಲ್ಲಿ ಒಂದು ತಂಡ ಎಲ್ಲ ಆಟಗಾರ್ತಿಯರಿಗೆ ಸೇರಿಸಿ ಕೊಡಬಹುದಾಗಿದ್ದ ಸಂಬಳದ ಮಿತಿ ಸುಮಾರು 15 ಲಕ್ಷ ಡಾಲರ್. ಕನಿಷ್ಠ ಸಂಬಳ 66,079 ಡಾಲರ್, ಅತಿ ದೊಡ್ಡ ತಾರೆಗೆ ಗರಿಷ್ಠ 2,49,244 ಡಾಲರ್. ಚೇಸ್ ಸೆಂಟರ್‌ನಲ್ಲಿ ಪಂದ್ಯಕ್ಕೆ 18,064 ಜನ, 22 ಪಂದ್ಯ. ಒಟ್ಟು 3,97,408 ಟಿಕೆಟ್. ಸಂಬಳವನ್ನು ಟಿಕೆಟ್‌ಗಳಿಗೆ ಹಂಚಿ ನೋಡಿ. ಒಂದು ಟಿಕೆಟ್‌ಗೆ ನಾಲ್ಕು ಡಾಲರ್ ಕೂಡ ಬರುವುದಿಲ್ಲ. ಪ್ರತಿ ಪ್ರೇಕ್ಷಕ ಕೊಟ್ಟ ಹಣದಲ್ಲಿ ನಾಲ್ಕು ಡಾಲರ್ ತೆಗೆದಿಟ್ಟರೆ ಇಡೀ ತಂಡದ ವರ್ಷದ ಸಂಬಳ ಮುಗಿದು ಇನ್ನೂ ಚಿಲ್ಲರೆ ಉಳಿಯುತ್ತದೆ. ಟಿವಿ ಹಣ, ಪ್ರಾಯೋಜಕರ ಹಣ, ಜೆರ್ಸಿ ಮಾರಾಟ ಯಾವುದನ್ನೂ ಮುಟ್ಟಬೇಕಿಲ್ಲ.

ಇದೇ ಅಂಗಳದಲ್ಲಿ, ಇದೇ ಮಾಲೀಕರ ಕೈಕೆಳಗೆ ಆಡುವ ಸ್ಟೀಫನ್ ಕರಿಗೆ 2024-25ರಲ್ಲಿ ಸಿಕ್ಕದ್ದು 5.5 ಕೋಟಿ ಡಾಲರ್‌ಗೂ ಹೆಚ್ಚು. ಈ ಹೋಲಿಕೆ ಜನಪ್ರಿಯ, ಆದರೆ ಪೂರ್ತಿ ನ್ಯಾಯವಲ್ಲ. ಪುರುಷರ ಲೀಗ್ ಎನ್‌ಬಿಎಯ ಆದಾಯವೇ ಬಹಳ ದೊಡ್ಡದು. ಆಟಗಾರ್ತಿಯರು ಕೇಳಿದ್ದೂ ಕರಿಯ ಸಂಬಳ ಅಲ್ಲ. ಅವರು ಕೇಳಿದ್ದು ಆದಾಯದಲ್ಲಿ ಪಾಲು. ಎನ್‌ಬಿಎಯಲ್ಲಿ ಆದಾಯದ ಸುಮಾರು ಅರ್ಧ ಆಟಗಾರರಿಗೆ ಹೋಗುತ್ತದೆ. ಡಬ್ಲ್ಯುಎನ್‌ಬಿಎಯಲ್ಲಿ 2025ರಲ್ಲಿ ಅದು ಶೇ. 10ಕ್ಕೂ ಕಡಿಮೆ ಇತ್ತು ಎಂಬುದು ಸಾಮಾನ್ಯ ಅಂದಾಜು.

ಪಾಲು ಯಾಕೆ ಅಷ್ಟು ಕಡಿಮೆ? ಲೀಗ್ ಮತ್ತು ಆಟಗಾರ್ತಿಯರ ಸಂಘದ 2020ರ ಒಪ್ಪಂದದಲ್ಲಿ ಆದಾಯ ಹಂಚಿಕೆ ಇತ್ತು. ಆದರೆ ಷರತ್ತಿನ ಮೇಲೆ. ವರ್ಷ ವರ್ಷದ ಆದಾಯವನ್ನು ಕೂಡಿಸುತ್ತಾ ಹೋಗಿ ಅದು ಒಂದು ಗುರಿ ದಾಟಿದರೆ ಮಾತ್ರ ಹಂಚಿಕೆ. ಒಪ್ಪಂದ ಶುರುವಾದ ವರ್ಷವೇ ಕೋವಿಡ್ ಬಂತು. ಪ್ರೇಕ್ಷಕರೇ ಇಲ್ಲದೆ ಸೀಸನ್ ಆಡಿದರು. ಲೆಕ್ಕ ಕೂಡಿಸುತ್ತಾ ಹೋಗುವ ಪದ್ಧತಿಯಲ್ಲಿ ಮೊದಲ ವರ್ಷದ ಹಳ್ಳ ತುಂಬುವುದೇ ಕಷ್ಟವಾಯಿತು. ಆಮೇಲಿನ ವರ್ಷಗಳಲ್ಲಿ ಲೀಗ್ ಎಷ್ಟು ಬೆಳೆದರೂ ಸಂಬಳ ವರ್ಷಕ್ಕೆ ಶೇ. 3ರಂತೆ ತೆವಳಿತು.

ಲೀಗ್ ಬೆಳೆದದ್ದಂತೂ ಕಣ್ಣಿಗೆ ಕಾಣುವ ಸಂಗತಿ. 2026ರಿಂದ 11 ವರ್ಷಕ್ಕೆ ಟಿವಿ ಹಕ್ಕಿನಿಂದ ಸುಮಾರು 220 ಕೋಟಿ ಡಾಲರ್ ಬರಲಿದೆ. ವಾಲ್ಕಿರೀಸ್ 5 ಕೋಟಿಗೆ ಒಳಬಂದರೆ, 2025ರ ಜೂನ್ ಕೊನೆಯಲ್ಲಿ ಘೋಷಣೆಯಾದ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಫಿಲಡೆಲ್ಫಿಯಾ ತಂಡಗಳು ತಲಾ 25 ಕೋಟಿ ಡಾಲರ್ ಕೊಡುತ್ತಿವೆ ಎಂದು ವರದಿಯಾಯಿತು. ಎರಡು ವರ್ಷ ತುಂಬುವ ಮೊದಲೇ ಐದು ಪಟ್ಟು. ಕ್ರೀಡಾ ವ್ಯವಹಾರದ ಸುದ್ದಿ ಸಂಸ್ಥೆ ಸ್ಪೋರ್ಟಿಕೊ ವಾಲ್ಕಿರೀಸ್‌ನ ಬೆಲೆಯನ್ನು 50 ಕೋಟಿ ಡಾಲರ್ ಎಂದು ಅಂದಾಜು ಮಾಡಿತು, ಲೀಗ್‌ನಲ್ಲೇ ಅತಿ ಹೆಚ್ಚು. ತಂಡದ ಬೆಲೆ ಏರಿದರೆ ಲಾಭ ಮಾಲೀಕರಿಗೆ. ಆಟಗಾರ್ತಿಯ ಸಂಬಳದ ಚೀಟಿಯಲ್ಲಿ ಅದರ ಸುಳಿವೂ ಇರುವುದಿಲ್ಲ.

ಎರಡೂ ಕಡೆಯ ಮಾತು

ಆಟಗಾರ್ತಿಯರ ಸಂಘ 2024ರ ಅಕ್ಟೋಬರ್‌ನಲ್ಲೇ ಹಳೆಯ ಒಪ್ಪಂದದಿಂದ ಹೊರಬಂತು. ಅದು 2025ರ ಅಕ್ಟೋಬರ್ 31ಕ್ಕೆ ಮುಗಿಯಬೇಕಿತ್ತು. ಮಾತುಕತೆ ಮುಗಿಯದೆ ಗಡುವು ಮೊದಲು ನವೆಂಬರ್ 30ಕ್ಕೆ, ಆಮೇಲೆ 2026ರ ಜನವರಿ 9ಕ್ಕೆ ಹೋಯಿತು.

ಆಗ ಲೀಗ್ ಹೇಳಿದ್ದು ಇಷ್ಟು. ನಾವು ವರ್ಷಗಟ್ಟಲೆ ನಷ್ಟ ಹೊತ್ತು ಇದನ್ನು ಉಳಿಸಿದ್ದೇವೆ. 2024ರಿಂದ ಎಲ್ಲ ತಂಡಗಳಿಗೂ ಬಾಡಿಗೆ ವಿಮಾನ ಕೊಟ್ಟೆವು, ಎರಡು ವರ್ಷಕ್ಕೆ ಅದರ ಖರ್ಚೇ 5 ಕೋಟಿ ಡಾಲರ್. ಸಂಬಳ ಏರಿಸಲು ಸಿದ್ಧ, ಆದರೆ ಎಲ್ಲ ತಂಡಗಳೂ ವಾಲ್ಕಿರೀಸ್ ಅಲ್ಲ. ಹೀಗೆ ಅಂಗಳ ತುಂಬಿಸಲಾಗದ ತಂಡಗಳೂ ಇವೆ, ಅವೂ ಬದುಕಬೇಕು.

ಈ ಕೊನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಬಡ ತಂಡಕ್ಕೆ ತಡೆಯಲಾಗದ ಸಂಬಳ ನಿಗದಿಯಾದರೆ ಆ ತಂಡ ಮುಚ್ಚಬಹುದು, ಇಲ್ಲವೇ ಊರು ಬದಲಿಸಬಹುದು. ಹ್ಯೂಸ್ಟನ್‌ನ ಕಾಮೆಟ್ಸ್ ಲೀಗ್‌ನ ಮೊದಲ ನಾಲ್ಕು ಪ್ರಶಸ್ತಿಗಳನ್ನೂ ಗೆದ್ದ ತಂಡ. ಅದೇ ಮುಚ್ಚಿಹೋಯಿತು.

ಆಟಗಾರ್ತಿಯರ ಉತ್ತರವೂ ಗಟ್ಟಿಯೇ. ನಷ್ಟ ಎನ್ನುತ್ತೀರಿ, ಹಾಗಿದ್ದರೆ 25 ಕೋಟಿ ಕೊಟ್ಟು ಒಳಬರಲು ಜನ ಸಾಲುಗಟ್ಟಿರುವುದು ಯಾಕೆ? ನಷ್ಟದ ಲೆಕ್ಕ ಯಾರು ಬರೆಯುತ್ತಾರೆ? ಜಗಳ ಗಂಟಾದದ್ದು ಇಲ್ಲೇ. ಪಾಲು ಕೊಡುವುದು ಒಟ್ಟು ಆದಾಯದಲ್ಲೋ, ಖರ್ಚು ಕಳೆದು ಉಳಿದದ್ದರಲ್ಲೋ? ಖರ್ಚು ಕಳೆದದ್ದರಲ್ಲಿ ದೊಡ್ಡ ಶೇಕಡಾ ಕೊಟ್ಟರೂ ಖರ್ಚನ್ನು ಬರೆಯುವ ಪೆನ್ನು ಲೀಗ್‌ನ ಕೈಯಲ್ಲಿರುತ್ತದೆ. ಒಟ್ಟು ಆದಾಯದಲ್ಲಿ ಸಣ್ಣ ಶೇಕಡಾ ಸಿಕ್ಕರೂ ಅದು ಕಣ್ಣಿಗೆ ಕಾಣುವ ಹಣ. ಆದ್ದರಿಂದಲೇ ಗರಿಷ್ಠ ಸಂಬಳ 10 ಲಕ್ಷ ಡಾಲರ್ ದಾಟುವ ಪ್ರಸ್ತಾಪ ಬಂದಿದೆ ಎಂಬ ವರದಿಗಳಿದ್ದರೂ ಸಂಘ ತಕ್ಷಣ ಒಪ್ಪಲಿಲ್ಲ. ಹೊರಗಿನವರಿಗೆ ಇದು ದುರಾಸೆಯಂತೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಒಪ್ಪಂದದ ಷರತ್ತು ಹೇಗೆ ಕೈಕೊಟ್ಟಿತು ಎಂಬುದನ್ನು ಕಂಡವರು ಎರಡನೇ ಸಲ ಸಣ್ಣ ಅಕ್ಷರಗಳನ್ನು ಓದುವುದು ಸಹಜ ಅಲ್ವಾ?

ಅವರ ಕೈ ಈಗ ಮೊದಲಿನಷ್ಟು ಖಾಲಿಯೂ ಅಲ್ಲ. ಡಬ್ಲ್ಯುಎನ್‌ಬಿಎ ತಾರೆಯರಾದ ನಫೀಸಾ ಕಾಲಿಯರ್ ಮತ್ತು ಬ್ರಿಯಾನಾ ಸ್ಟುವರ್ಟ್ ಸೇರಿ ಕಟ್ಟಿದ ಅನ್‌ರೈವಲ್ಡ್ ಎಂಬ ಮೂವರ-ಎದುರು-ಮೂವರು ಲೀಗ್ 2025ರ ಜನವರಿಯಲ್ಲಿ ಶುರುವಾಯಿತು. ಕೆಲವೇ ವಾರಗಳ ಆಟಕ್ಕೆ ಅಲ್ಲಿನ ಸರಾಸರಿ ಸಂಬಳ 2 ಲಕ್ಷ ಡಾಲರ್‌ಗೂ ಹೆಚ್ಚು. ಡಬ್ಲ್ಯುಎನ್‌ಬಿಎ ಇಲ್ಲದಿದ್ದರೂ ಹೊಟ್ಟೆಪಾಡು ನಡೆಯುತ್ತದೆ ಎಂಬ ಧೈರ್ಯ ಮಾತುಕತೆಯ ಮೇಜಿನಲ್ಲಿ ಬಹಳ ಕೆಲಸ ಮಾಡುತ್ತದೆ.

ವಾಲ್ಕಿರೀಸ್‌ಗೆ ಮುಂದೆ ಏನು?

ಹೊಸ ಒಪ್ಪಂದದಲ್ಲಿ ಸಂಬಳ ಏರುವುದು ಖಚಿತ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಾಗಾಗಿ ಹಿರಿಯ ಆಟಗಾರ್ತಿಯರಲ್ಲಿ ಬಹುತೇಕ ಎಲ್ಲರೂ ತಮ್ಮ ಒಪ್ಪಂದ 2025ಕ್ಕೇ ಮುಗಿಯುವಂತೆ ನೋಡಿಕೊಂಡರು. ಕಡಿಮೆ ಸಂಬಳಕ್ಕೆ ಮುಂದಿನ ವರ್ಷಗಳನ್ನೂ ಬರೆದುಕೊಡುವುದು ಯಾರಿಗೆ ಬೇಕು? ಇದರ ಫಲವಾಗಿ ಒಂದೇ ಬಾರಿಗೆ ನೂರಕ್ಕೂ ಹೆಚ್ಚು ಆಟಗಾರ್ತಿಯರು ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರರಾಗುವ ಸ್ಥಿತಿ ಬಂತು.

ಇದು ವಾಲ್ಕಿರೀಸ್‌ಗೆ ಎರಡು ಅಲಗಿನ ಕತ್ತಿ. ಹಣ, ತುಂಬಿದ ಅಂಗಳ, ಓಕ್‌ಲ್ಯಾಂಡ್‌ನಲ್ಲಿ ತನ್ನದೇ ಅಭ್ಯಾಸ ಕೇಂದ್ರ, ಮೆಚ್ಚುಗೆ ಪಡೆದ ಕೋಚ್ ಎಲ್ಲ ಇರುವ ತಂಡಕ್ಕೆ ದೊಡ್ಡ ತಾರೆಯೊಬ್ಬರು ಬರಲು ಒಪ್ಪಬಹುದು. ಆದರೆ ಇದ್ದವರಿಗೂ ಬೆಲೆ ಏರಿದೆ. 3 ಪಾಯಿಂಟ್‌ನ ಬರ್ಟನ್ ಅನ್ನು ಯಾರೂ ಕೇಳಿರಲಿಲ್ಲ, 12 ಪಾಯಿಂಟ್‌ನ ಬರ್ಟನ್ ಎಲ್ಲರಿಗೂ ಬೇಕು. ತಾರೆಗೆ ದೊಡ್ಡ ಮೊತ್ತ ಕೊಟ್ಟರೆ ಮಿತಿಯೊಳಗೆ ಉಳಿದವರಿಗೆ ಕೊಡಲು ಕಡಿಮೆ ಉಳಿಯುತ್ತದೆ. ಯಾರೂ ತಾರೆಯಲ್ಲದ ತಂಡ ಎಲ್ಲರ ಹೊಂದಾಣಿಕೆಯಿಂದ ಗೆದ್ದಿತ್ತು. ಒಬ್ಬರನ್ನು ತಂದು ಮೂವರನ್ನು ಕಳೆದುಕೊಂಡರೆ ಆ ರಕ್ಷಣೆ ಹಾಗೇ ಉಳಿಯುತ್ತದೆಯೇ ಎಂಬುದು ನಕಾಸೆಯ ಮುಂದಿನ ಪರೀಕ್ಷೆ.

ಇದರ ಮೇಲೆ ಇನ್ನೊಂದು ವಿಸ್ತರಣಾ ಡ್ರಾಫ್ಟ್ ಬೇರೆ. 2026ಕ್ಕೆ ಟೊರಾಂಟೊ ಟೆಂಪೊ ಮತ್ತು ಪೋರ್ಟ್‌ಲ್ಯಾಂಡ್ ಫೈರ್ ಎಂಬ ಎರಡು ಹೊಸ ತಂಡಗಳು. ಈ ಬಾರಿ ಪಟ್ಟಿ ಕೊಡುವವರ ಸಾಲಿನಲ್ಲಿ ವಾಲ್ಕಿರೀಸ್ ಕೂಡ ನಿಲ್ಲುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು? ವಯಸ್ಸು 33 ದಾಟಿದ, ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಮರಳುತ್ತಿರುವ ಥಾರ್ನ್‌ಟನ್ ಅನ್ನೋ, 2025ರಲ್ಲಿ ಇಲ್ಲಿ ಒಂದು ಪಂದ್ಯವನ್ನೂ ಆಡದ ಎಳೆಯ ಯೋಸಿತೆಯನ್ನೋ? ಎಲ್ಲರೂ ಸಮಾನರಾಗಿರುವ ತಂಡದಲ್ಲಿ ಪಟ್ಟಿ ಮಾಡುವುದೇ ಕಷ್ಟ. ಎರಡು ಮೂರು ತಾರೆಯರಿರುವ ತಂಡಕ್ಕೆ ಈ ಚಿಂತೆ ಇಲ್ಲ. ಏಳನೆಯವರು ಹೋದರೆ ಅವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ವಾಲ್ಕಿರೀಸ್‌ನಲ್ಲಿ ಏಳನೆಯವರು ಹೋದರೆ ಪ್ರತಿ ಪಂದ್ಯದಲ್ಲೂ ಗೊತ್ತಾಗುತ್ತದೆ.

ಟೊರಾಂಟೊ, ಪೋರ್ಟ್‌ಲ್ಯಾಂಡ್ ತಂಡಗಳಿಗೂ ವಾಲ್ಕಿರೀಸ್‌ನ ದಾರಿ ಅಷ್ಟು ಸಲೀಸಾಗಿ ಸಿಗಲಾರದು. ಒಬ್ಬರಿಗೇ ಸಿಕ್ಕಿದ್ದ ಆಯ್ಕೆ ಈಗ ಇಬ್ಬರ ನಡುವೆ ಹಂಚಿಹೋಗುತ್ತದೆ. ಬೆಂಚಿನಲ್ಲಿದ್ದ ಒಳ್ಳೆಯವರಲ್ಲಿ ಹನ್ನೊಂದು ಮಂದಿ ಆಗಲೇ ಹೋಗಿದ್ದಾರೆ. ಯುರೋಪಿನವರ ಬೆಲೆ ಎಲ್ಲರಿಗೂ ತಿಳಿದಿದೆ, ಹಾಗಾಗಿ ಅಲ್ಲೂ ಅಗ್ಗದ ಆಯ್ಕೆ ಉಳಿದಿಲ್ಲ. ಒಪ್ಪಂದದ ಮಾತುಕತೆ ಎಳೆದಷ್ಟೂ ಡ್ರಾಫ್ಟ್, ಸಹಿ, ಅಭ್ಯಾಸ ಶಿಬಿರ ಎಲ್ಲವೂ ಮೇ ತಿಂಗಳಿನ ಹತ್ತಿರ ಸರಿಯುತ್ತವೆ. ತಡವಾದರೆ ಹೆಚ್ಚು ಪೆಟ್ಟು ಬೀಳುವುದು ಹಳೆಯ ತಂಡಗಳಿಗಲ್ಲ. ವಾಲ್ಕಿರೀಸ್‌ಗೆ ಡ್ರಾಫ್ಟ್ ಆದ ಮೇಲೆ ಮೊದಲ ಪಂದ್ಯಕ್ಕೆ ಐದು ತಿಂಗಳಿದ್ದವು. ಈ ಇಬ್ಬರಿಗೆ ಅಷ್ಟು ಸಮಯ ಸಿಗುವುದಿಲ್ಲ.